ನನ್ನ ನೆತ್ತರಿನ ಅಕ್ಷರ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ರಕ್ತದಾನ ಶಿಬಿರ ನಡೆದಾಗ ನನ್ನ ಕೈಗೊಂದು ಚೀಟಿ ಬಂದಿತು: 'ಎ ಪಾಸಿಟಿವ್'. ಪರೀಕ್ಷೆಯಲ್ಲಿ ಎಂದೂ 'ಎ' ಕಾಣದ ನನಗೆ ನೆತ್ತರಾದರೂ ಅದನ್ನು ಕೊಟ್ಟಿತಲ್ಲ ಎಂದು ಹಿಗ್ಗಿದೆ. ಪಕ್ಕದಲ್ಲಿದ್ದ ಗೆಳೆಯ ತನ್ನ 'ಓ' ಚೀಟಿಯನ್ನು ಬೀಸುತ್ತ, "ನಮ್ಮದು ಗಟ್ಟಿ ರಕ್ತ ಕಣೋ. ನಿಮ್ಮ ಗುಂಪಿನವರಿಗೆ ಹೃದಯದ ಕಾಯಿಲೆ ಜಾಸ್ತಿಯಂತೆ" ಎಂದುಬಿಟ್ಟ.

ಹಾಸ್ಯಕ್ಕೆ ಅಂದ ಮಾತೇ. ಆದರೆ ನನ್ನ ತಂದೆ ಹೃದಯಾಘಾತದಿಂದ ತೀರಿಕೊಂಡವರು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಇತಿಹಾಸದ ವಿದ್ಯಾರ್ಥಿಯಾದ ನಾನು ಮರುದಿನ ಗ್ರಂಥಾಲಯದಲ್ಲಿ ವೈದ್ಯದ ಪುಸ್ತಕ ಹುಡುಕಿದೆ. ರಕ್ತದಲ್ಲಿ ಗುಂಪುಗಳುಂಟೆಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟರು. 1930ರಲ್ಲಿ ಅದಕ್ಕಾಗಿ ನೊಬೆಲ್ ಬಹುಮಾನ ಪಡೆದರು. ಗೆಳೆಯನ ಮಾತು ಪೂರಾ ಸುಳ್ಳಾಗಿರಲಿಲ್ಲ. ನೆತ್ತರು ಹೆಪ್ಪುಗಟ್ಟಲು ನೆರವಾಗುವ ವಾನ್ ವಿಲ್ಲೆಬ್ರಾಂಡ್ ಎಂಬ ಪ್ರೋಟೀನು ಓ ಗುಂಪಿನವರಲ್ಲಿ ಸುಮಾರು ಶೇಕಡ 25ರಷ್ಟು ಕಡಿಮೆ. ಆದ್ದರಿಂದ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯವೂ ಹೃದಯದ ಕಾಯಿಲೆಯೂ ಅವರಿಗೆ ತುಸು ಕಡಿಮೆ. ಮಲೇರಿಯ ವಿಕೋಪಕ್ಕೆ ಹೋಗುವುದೂ ಕಡಿಮೆಯೇ. ಆದರೆ ಕಾಲರಾ ತಗುಲಿದರೆ ಹೆಚ್ಚು ಹಣ್ಣಾಗುವವರು ಅವರೇ. ಜಠರದ ಹುಣ್ಣೂ ಅವರಿಗೇ ಹೆಚ್ಚು. (ಇದನ್ನು ಗೆಳೆಯನಿಗೆ ತಿಳಿಸುವಾಗ ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.) ಎ ಗುಂಪಿನವರಿಗೆ ಜಠರದ ಕ್ಯಾನ್ಸರ್ ತುಸು ಹೆಚ್ಚೆಂದು ಇಂಗ್ಲೆಂಡಿನ ವೈದ್ಯರು 1953ರಲ್ಲೇ ಲೆಕ್ಕ ಹಾಕಿದ್ದರು. ಎಲ್ಲ ಕಡೆಯೂ ಈ 'ತುಸು' ಎಂಬ ಮಾತೇ.

ರಜೆಗೆ ಊರಿಗೆ ಹೋದಾಗ ತಂದೆಯವರ ಟ್ರಂಕು ತೆಗೆದೆ. ಆಸ್ಪತ್ರೆಯ ಹಳೆಯ ಕಾಗದಗಳ ನಡುವೆ ಅವರ ರಕ್ತದ ಚೀಟಿ ಸಿಕ್ಕಿತು. ಎರಡು ಸಲ ಓದಿದೆ. 'ಓ ಪಾಸಿಟಿವ್'!

ನನ್ನಂತೆಯೇ ಎ ಗುಂಪಿನವಳಾದ ಅಜ್ಜಿ ಎಂಬತ್ತನಾಲ್ಕರ ಪ್ರಾಯದಲ್ಲಿ ಜಗಲಿಯ ಮೇಲೆ ಕುಳಿತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ನಾನು ಎಲ್ಲವನ್ನೂ ವಿವರಿಸಿದೆ. ಅವಳು ಮೊರದಿಂದ ತಲೆಯೆತ್ತದೆ, "ನಿಮ್ಮಪ್ಪ ದಿನಕ್ಕೆ ಎರಡು ಕಟ್ಟು ಬೀಡಿ ಸೇದ್ತಿದ್ದ ಕಣಪ್ಪ. ನೆತ್ತರು ಪಾಪ ಏನು ಮಾಡೀತು?" ಎಂದಳು.

ಓ ಗುಂಪಿನ ತಂದೆ ಮಗುವಿಗೆ ಕೊಡಬಲ್ಲದ್ದು ಓ ಒಂದನ್ನೇ. ನನ್ನ ಎ ಅಮ್ಮನ ಕಡೆಯಿಂದ ಬಂದದ್ದು. ಅದರ ಮರೆಯಲ್ಲಿ, ಚೀಟಿಯಲ್ಲಿ ಕಾಣದಂತೆ, ಅಪ್ಪನ ಓ ಕೂಡ ನನ್ನಲ್ಲಿದೆ. ಇದು ತಿಳಿದಾಗ ಯಾಕೋ ಮನಸ್ಸು ತುಂಬಿ ಬಂದಿತು.

ಅಪ್ಪನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಮರಳಿದೆ. ನನ್ನ ಗೆಳೆಯ ಎಂದಿನಂತೆ ಕ್ಯಾಂಟೀನಿನ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದ. ಚೀಟಿಯನ್ನು ತೆಗೆದು ಅವನ ಕೈಗೆ ಕೊಟ್ಟೆ.