ಬೇಲಿ ತಡೆಯದ ರೋಗ

ಮುಂಗಾರು ಬಿಡದೆ ಹಿಡಿದ ವಾರಗಳಲ್ಲಿ ನಮ್ಮ ಓಲ್ಡ್ ಟೌನಿನಲ್ಲಿ ನಮಾಝ್ ಮುಗಿಸಿ ಹೊರಬರುವವರ ಮಾತು ಅಡಿಕೆಯ ಕಡೆಗೇ ತಿರುಗುತ್ತದೆ. ಭದ್ರಾವತಿಯ ಸುತ್ತಲಿನ ತೋಟಗಳನ್ನು ನಂಬಿದ ಮನೆಗಳಲ್ಲಿ ನಮ್ಮವರ ಮನೆಗಳೂ ಇವೆ. ಕೆಲವರಿಗೆ ಸ್ವಂತ ತೋಟ, ಕೆಲವರಿಗೆ ಖೇಣಿ, ಕೆಲವರಿಗೆ ಅಡಿಕೆ ಸುಲಿಯುವ ಕೂಲಿ. ಕೊಳೆರೋಗ ಬಂದರೆ ಮೂವರಿಗೂ ಕಷ್ಟ.

ಹಸಿರು ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂತಹ ಕಲೆ ಮೂಡಿ, ಬಿಳಿಯ ಬೂಸ್ಟು ಹರಡಿ, ಕಾಯಿ ಕೊಳೆತು ಉದುರುತ್ತದೆ. ಇದಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಮಳೆಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಮರದಿಂದ ಮರಕ್ಕೆ ದಾಟುತ್ತದೆ. ಉದುರಿದ ಕಾಯಿಯಲ್ಲಿ, ಮರದಲ್ಲೇ ಒಣಗಿದ ಗೊನೆಯಲ್ಲಿ ಅಡಗಿದ್ದು ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕುರಿತ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದ ನಮ್ಮ ರೈತರು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕ್ರಮೇಣ ರೂಢಿಸಿಕೊಂಡರು.

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಒಂದು ಕುಟುಂಬದಲ್ಲಿ ತಂದೆಯ ಮರಣಾನಂತರ ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು ಎದ್ದಿತು. ತೋಟಕ್ಕೆ ಯಾರೂ ಔಷಧಿ ಹೊಡೆಸಲಿಲ್ಲ, ಉದುರಿದ ಕಾಯಿ ಹೆಕ್ಕಿಸಲಿಲ್ಲ. ಪಕ್ಕದಲ್ಲಿ ಒಬ್ಬ ವಿಧವೆಯ ಅರ್ಧ ಎಕರೆ ತೋಟ. ಆಕೆ ಸಾಲ ಮಾಡಿ ಎರಡು ಬಾರಿ ಔಷಧಿ ಹೊಡೆಸಿದ್ದರೂ ಬೇಲಿಯ ಬದಿಯ ಸಾಲುಗಳಲ್ಲಿ ಕಾಯಿ ಉದುರಿಯೇ ಉದುರಿತು. ನಾವು ಸಹೋದರರನ್ನು ಕೂರಿಸಿ ಮಾತನಾಡಿದೆವು. “ನಮ್ಮ ತೋಟ, ನಮ್ಮ ನಷ್ಟ, ಹಜ್ರತ್” ಎಂದರು ಹಿರಿಯವರು. “ಆ ತಾಯಿಯ ನಷ್ಟ ಯಾರ ಲೆಕ್ಕಕ್ಕೆ?” ಎಂದು ಕೇಳಿದೆವು. ಉತ್ತರ ಬರಲಿಲ್ಲ. ಆದರೆ ಮರುವರ್ಷ ಮಳೆಗೆ ಮುನ್ನ ಇಬ್ಬರೂ ಖರ್ಚು ಹಂಚಿಕೊಂಡು ಕೊನೆಗಾರರನ್ನು ಕರೆಸಿದರು. ಪಾಲು ಇಂದಿಗೂ ಆಗಿಲ್ಲ, ತೋಟ ಶುಚಿಯಾಗಿದೆ.

ಗಿಡ ನೆಟ್ಟವನಿಗೆ, ಅದರ ಫಲವನ್ನು ಹಕ್ಕಿ ತಿಂದರೂ ಸದಕಾದ ಪುಣ್ಯವಿದೆಯೆಂದು ಪ್ರವಾದಿ(ಸ)ರವರು ಕಲಿಸಿದರು. ನೆರೆಯವನಿಗೆ ತನ್ನಿಂದ ಕೇಡು ತಟ್ಟದಂತೆ ನೋಡಿಕೊಳ್ಳುವುದನ್ನು ಈಮಾನಿನೊಂದಿಗೆ ಜೋಡಿಸಿದವರೂ ಅವರೇ. ನಮ್ಮ ಮರದ ಫಲದಲ್ಲಿ ಇತರರಿಗೆ ಪಾಲಿರುವಂತೆ, ನಮ್ಮ ಮರದ ರೋಗದಲ್ಲಿ ನಮಗೆ ಹೊಣೆಯಿದೆ.

ಆದುದರಿಂದ ಸಹೋದರರೇ, ಮಳೆ ಹಿಡಿಯುವ ಮೊದಲೇ ಒಣಗೊನೆಗಳನ್ನು ತೆಗೆಸಿ ಸುಡಿರಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ದ್ರಾವಣವನ್ನು ಮಳೆಗೆ ಮುನ್ನ ಒಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಿರಿ. ಪಕ್ಕದ ತೋಟದವರಿಗೆ ಕೈಲಾಗದಿದ್ದರೆ ಒಂದೆರಡು ಡ್ರಮ್ಮು ಔಷಧಿಯನ್ನು ಬೇಲಿಯಾಚೆಗೂ ಕಳುಹಿಸಿರಿ.