ಅಮ್ಮ, ನೀನಿನ್ನೂ ಕರಡಿಯಾಗೇ ಇದ್ದೀಯ!

ಕಳೆದ ಚಳಿಗಾಲದ ಒಂದು ಶುಕ್ರವಾರ ರಾತ್ರಿ ನಮ್ಮನೆ ವೈಫೈ ಪ್ಲಗ್ಗನ್ನು ನಾನೇ ಕಿತ್ತೆ. ಸಾರನ್ನು ಮೂರು ಸಲ ಬಿಸಿ ಮಾಡಿಯಾಗಿತ್ತು, ಮಗನನ್ನು ಐದು ಸಲ ಕರೆದಾಗಿತ್ತು. ನಿಮ್ಮಲ್ಲಿ ಎಷ್ಟು ಜನ ಈ ಕೆಲಸ ಮಾಡಿದ್ದೀರೋ ಗೊತ್ತಿಲ್ಲ. ಮಾಡಬೇಕು ಅಂತ ಒಮ್ಮೆಯಾದರೂ ಅನ್ನಿಸಿರುತ್ತದೆ, ಅಲ್ಲವೇ?

ಹದಿನಾಲ್ಕು ವರ್ಷದ ಮಗ ಕೆಳಗಿಳಿದು ಬಂದ. ಕೂಗಾಡಲಿಲ್ಲ. "ಅಮ್ಮ, ನಾನು ಹೀಲರ್ ಆಗಿದ್ದೆ. ಉಳಿದ ನಾಲ್ಕೂ ಜನ ಈಗ ಸತ್ತಿರ್ತಾರೆ," ಅಂದ. ತಟ್ಟೆಗೆ ಹಾಕಿದ್ದನ್ನು ತಿಂದು ಮೇಲೆ ಹೋದ. ಆಮೇಲೆ ಒಂದು ವಾರ "ಹೂಂ", "ಬೇಡ" ಬಿಟ್ಟರೆ ಬೇರೆ ಮಾತಿಲ್ಲ. ಆ ವರ್ಷದ ಬೇಸಗೆಯಲ್ಲಷ್ಟೇ ನಾವು ಟೊರೊಂಟೊ ಬಿಟ್ಟು ಕ್ಯಾಲ್ಗರಿಗೆ ಬಂದಿದ್ದೆವು. ಹೊರಗೆ ಮೈನಸ್ 25. ಒಳಗೂ ಹೆಚ್ಚುಕಮ್ಮಿ ಅಷ್ಟೇ.

ಎಂಟನೇ ದಿನ ನಾನೇ ಸೋತೆ. ಅವನ ಕೋಣೆಗೆ ಒಂದು ಕುರ್ಚಿ ಎಳೆದುಕೊಂಡು ಹೋಗಿ, "ಹೀಲರ್ ಅಂದ್ರೇನು, ಹೇಳು," ಅಂದೆ.

ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2004ರಿಂದ ನಡೆಯುತ್ತಿದೆ, ನಿಮ್ಮಲ್ಲೇ ಕೆಲವರು ಕಾಲೇಜು ದಿನಗಳಲ್ಲಿ ಆಡಿರಲೂಬಹುದು. ಅದರ ಡಂಜನ್‌ಗಳಿಗೆ ಐದು ಜನರ ತಂಡ ಹೋಗುತ್ತದೆ. ಏಟುಗಳನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುವವನು ಟ್ಯಾಂಕ್. ಗಾಯ ವಾಸಿ ಮಾಡುವವನು ಹೀಲರ್. ಉಳಿದ ಮೂವರ ಕೆಲಸ ಹೊಡೆಯುವುದು. ನನ್ನ ಮಗ ಆಡುವುದು ಡ್ರೂಯಿಡ್ ಪಾತ್ರವನ್ನು. ಕಾಡು, ಗಿಡಮರ, ಚಂದ್ರ ಇವುಗಳಿಂದ ಶಕ್ತಿ ಪಡೆದು ರೂಪ ಬದಲಿಸುವವನು. ಕರಡಿಯಾದರೆ ಟ್ಯಾಂಕ್. ಬೆಕ್ಕಾದರೆ ಕಣ್ಣಿಗೆ ಬೀಳದೆ ಹಿಂದಿನಿಂದ ಬಂದು ಪರಚುತ್ತಾನೆ. ಗರಿ, ಕೊಂಬು ಎರಡೂ ಇರುವ ಗೂಬೆಯಂಥ ಮೂನ್‌ಕಿನ್ ಆಗಿ ದೂರದಿಂದ ಮಂತ್ರ ಎಸೆಯುತ್ತಾನೆ. ನಾಲ್ಕನೆಯದು ಹೀಲರ್ ಕೆಲಸ. ಆ ಆಟದಲ್ಲಿ ನಾಲ್ಕು ಪರಿಣತಿ ಇರುವುದು ಡ್ರೂಯಿಡ್‌ಗೆ ಮಾತ್ರ. ಕರಡಿ, ಬೆಕ್ಕು ಎರಡೂ ಮೊದಲು ಒಂದೇ ಪರಿಣತಿಯಾಗಿದ್ದವು, 2012ರಲ್ಲಿ ಬೇರೆ ಮಾಡಿದರಂತೆ. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಅವನಿಗೆ ನನ್ನ ಮೇಲಿನ ಸಿಟ್ಟು ಮರೆತೇಹೋಯಿತು.

ಭಾನುವಾರ ಕುಂದಾಪುರಕ್ಕೆ ಫೋನ್ ಮಾಡಿದಾಗ ಅಪ್ಪನಿಗೂ ವಿವರಿಸಿದೆ. ಯಕ್ಷಗಾನದ ಹುಚ್ಚಿನ ಅಪ್ಪನಿಗೆ ನನಗಿಂತ ಬೇಗ ಅರ್ಥವಾಯಿತು. "ಹಾಗಾದ್ರೆ ಬಣ್ಣದ ವೇಷಕ್ಕೂ ಅವನೇ, ಸ್ತ್ರೀವೇಷಕ್ಕೂ ಅವನೇ? ಮೇಳಕ್ಕೆ ಲಾಭ ಮಾರಾಯ್ತಿ!" ಎಂದು ನಕ್ಕರು. ಆಮೇಲೆ ಕೇಳಿದರು: "ಆದ್ರೆ ಒಂದು ವೇಷ ಬಿಚ್ಚದೆ ಇನ್ನೊಂದು ಕಟ್ಲಿಕ್ಕೆ ಆಗುದಿಲ್ಲ, ಅಲ್ದಾ?"

20ನೇ ಹಂತದವರೆಗೆ ಆಟ ಉಚಿತ ಅಂತ ತಿಳಿದು ನಾನೂ ಒಂದು ಡ್ರೂಯಿಡ್ ಮಾಡಿಕೊಂಡೆ. ಕೊಂಬಿರುವ, ಗೂಳಿಯ ಮುಖದ ಟೌರೆನ್. ಊರಿನ ಕೊಟ್ಟಿಗೆ ನೆನಪಾಗಿ ಅದನ್ನೇ ಆರಿಸಿದೆ. ಕರಡಿ ರೂಪ ನನಗೆ ತುಂಬಾ ಹಿಡಿಸಿತು. ಏಟು ತಿನ್ನುವುದು, ಗುರ್ ಎನ್ನುವುದು, ಎಲ್ಲರ ಮುಂದೆ ನಡೆಯುವುದು. ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ! ಒಮ್ಮೆ ಹಿಂದೆ ಬರುತ್ತಿದ್ದ ಮಗನಿಗೆ ಪೆಟ್ಟಾಗಿ ಜೀವ ಕಡಿಮೆಯಾಗುತ್ತಿತ್ತು. ವಾಸಿ ಮಾಡುವ ಮಂತ್ರ ನನಗೂ ಬರುತ್ತದಲ್ಲ ಎಂದು ಒತ್ತಿದೆ. ಕರಡಿ ಮಾಯವಾಗಿ ಬರೀ ಟೌರೆನ್ ಉಳಿಯಿತು. ಕರಡಿಯ ಗಟ್ಟಿ ಮೈಯೂ ಹೋಯಿತು, ಎರಡೇ ಏಟಿಗೆ ನಾನು ಸತ್ತೆ. "ಅಮ್ಮ, ಕರಡಿಯಾಗಿದ್ದುಕೊಂಡು ಬೇರೆಯವರನ್ನ ಹೀಲ್ ಮಾಡಕ್ಕಾಗಲ್ಲ. ಆ ರೂಪ ಬಿಟ್ಟು ಬರಬೇಕು. ಬಂದ್ರೆ ಏಟು ಜೋರಾಗಿ ಬೀಳತ್ತೆ," ಅಂದ.

ಫೆಬ್ರವರಿಯಲ್ಲಿ ಶಾಲೆಯ ರಿಪೋರ್ಟ್ ಬಂತು. ಗಣಿತದಲ್ಲಿ 52. ನಾನು ಶುರು ಮಾಡಿದೆ: ಆಟ ಬಂದ್, ಟ್ಯೂಷನ್ ಹಾಕ್ತೀನಿ, ಟೊರೊಂಟೊದಲ್ಲಿ 85 ಬರ್ತಿತ್ತು, ನಿನಗೋಸ್ಕರ ನಾವು ಎಷ್ಟೆಲ್ಲಾ... ಮುಂದಿನದು ನಿಮಗೂ ಬಾಯಿಪಾಠ ಇರುತ್ತದೆ. ಅವನು ಟೇಬಲ್ ನೋಡುತ್ತಾ ನಿಧಾನವಾಗಿ ಹೇಳಿದ: "ಅಮ್ಮ, ನೀನಿನ್ನೂ ಕರಡಿಯಾಗೇ ಇದ್ದೀಯ."

ತಮಾಷೆಗೆ ಹೇಳಿದ್ದಲ್ಲ. ನಾನು ಬಾಯಿ ಮುಚ್ಚಿದೆ. ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ನಿಜವನ್ನೇ ಹೇಳಿದೆ: "ನಂಗೂ ಈ ಊರಲ್ಲಿ ಇನ್ನೂ ಒಬ್ಬರೂ ಫ್ರೆಂಡ್ಸ್ ಇಲ್ಲ ಕಣೋ. ಆಫೀಸಲ್ಲಿ ಒಬ್ಬಳೇ ಊಟ ಮಾಡ್ತೀನಿ."

ಅವನು ತಲೆಯೆತ್ತಿ ನೋಡಿದ. ಐದು ತಿಂಗಳಿಂದ ಶಾಲೆಯಲ್ಲಿ ಅವನೂ ಒಬ್ಬನೇ ಊಟ ಮಾಡುತ್ತಿದ್ದನಂತೆ, ಹೆಚ್ಚಾಗಿ ಲೈಬ್ರರಿಯ ಹೊರಗಿನ ಮೆಟ್ಟಿಲ ಮೇಲೆ. ಆ ಶುಕ್ರವಾರ ನಾನು ವೈಫೈ ಕಿತ್ತು "ಸಾಯಿಸಿದ" ನಾಲ್ವರಲ್ಲಿ ಇಬ್ಬರು ಟೊರೊಂಟೊದ ಅವನ ಹಳೆಯ ಗೆಳೆಯರು. ವಾರಕ್ಕೊಮ್ಮೆ ಅವನು ನಕ್ಕು ಮಾತಾಡುತ್ತಿದ್ದದ್ದು ಅವರ ಜೊತೆ ಮಾತ್ರ. ಅಂದು ರಾತ್ರಿ ಹನ್ನೊಂದರವರೆಗೆ ಮಾತಾಡಿದೆವು, ಮಧ್ಯೆ ಮಧ್ಯೆ ಅತ್ತೆವು ಕೂಡ.

ಅದರಿಂದ ಗಣಿತ ಸರಿಹೋಗಲಿಲ್ಲ. ಟ್ಯೂಷನ್ ಹಾಕಲೇಬೇಕಾಯಿತು, ಆಟಕ್ಕೆ ಗಂಟೆಯೂ ನಿಗದಿಯಾಯಿತು. ಆದರೆ ಎರಡನ್ನೂ ಇಬ್ಬರೂ ಕೂತು ತೀರ್ಮಾನಿಸಿದೆವು. ಡ್ರೂಯಿಡ್‌ನ ಮದ್ದು ಹೆಚ್ಚಾಗಿ ಒಮ್ಮೆಲೇ ಕೆಲಸ ಮಾಡುವುದಿಲ್ಲ. ಹಚ್ಚಿದ ಮೇಲೆ ಹಲವು ಸೆಕೆಂಡು ಸ್ವಲ್ಪ ಸ್ವಲ್ಪವೇ ವಾಸಿ ಮಾಡುತ್ತದೆ. ನಮ್ಮದೂ ಹಾಗೇ ನಡೆಯಿತು: ಕಾರಿನಲ್ಲಿ ಐದು ನಿಮಿಷ, ಪಾತ್ರೆ ತೊಳೆಯುವಾಗ ಹತ್ತು ನಿಮಿಷ.

ನಿಮ್ಮ ಮನೆಯಲ್ಲೂ ಇಂಥ ಆಟವಿದ್ದರೆ ನಾನು ಕಲಿತ ನಾಲ್ಕು ಮಾತು. ಇಂಥ ಆಟಗಳನ್ನು ಮಧ್ಯದಲ್ಲಿ ನಿಲ್ಲಿಸಿ ಊಟಕ್ಕೆ ಬರಲಾಗುವುದಿಲ್ಲ. "ಈಗಲೇ ಬಾ" ಅನ್ನುವ ಬದಲು "ಈ ಡಂಜನ್ ಮುಗಿಯಲು ಎಷ್ಟು ಹೊತ್ತು?" ಎಂದು ಕೇಳಿ, ಹೇಳಿದ ಹೊತ್ತಿಗೆ ಬರುವಂತೆ ನೋಡಿಕೊಳ್ಳಿ. ಈ ಆಟಕ್ಕೆ ಕೆನಡಾ, ಅಮೆರಿಕದಲ್ಲಿ 'ಟೀನ್' ಎಂದೂ ಯುರೋಪಿನಲ್ಲಿ 12 ಎಂದೂ ವಯಸ್ಸಿನ ಗುರುತಿದೆ. ಆದರೆ ಅಪರಿಚಿತರ ಚಾಟ್‌ಗೆ ಆ ಗುರುತು ಅನ್ವಯಿಸುವುದಿಲ್ಲ, ಯಾರ ಜೊತೆ ಆಡುತ್ತಾರೆಂದು ತಿಳಿದಿರಲಿ. ಅಕೌಂಟಿನ ಪೇರೆಂಟಲ್ ಕಂಟ್ರೋಲ್‌ನಲ್ಲಿ ದಿನಕ್ಕಿಷ್ಟು ಹೊತ್ತು ಎಂದು ಮಿತಿ ಹಾಕಬಹುದು, ಮಕ್ಕಳಿಗೆ ಹೇಳಿಯೇ ಹಾಕಿ. ಕೊನೆಯದಾಗಿ, ಒಂದು ಸಲವಾದರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿ.

ನಾನೀಗಲೂ ಶನಿವಾರ ಒಂದು ಗಂಟೆ ಆಡುತ್ತೇನೆ, ಈಗಲೂ ಬೇಗ ಸಾಯುತ್ತೇನೆ. ಯುದ್ಧ ನಡೆಯುತ್ತಿರುವಾಗಲೇ ಸತ್ತವರನ್ನು ಎಬ್ಬಿಸುವ ಮಂತ್ರ ಡ್ರೂಯಿಡ್‌ಗಿದೆ, ಆದರೆ ಒಮ್ಮೆ ಬಳಸಿದರೆ ಮತ್ತೆ ಸಿಗಲು ಬಹಳ ಹೊತ್ತು ಕಾಯಬೇಕು. ಮಗ ಅದನ್ನು ನನಗೆಂದೇ ಉಳಿಸಿಟ್ಟುಕೊಂಡಿರುತ್ತಾನೆ. ಹೆಡ್‌ಫೋನಿನಲ್ಲಿ ಅವನ ಅಚ್ಚ ಕನ್ನಡ ಕೇಳುತ್ತದೆ: "ಏಳಮ್ಮ, ಏಳು. ಇನ್ನೂ ಮುಗಿದಿಲ್ಲ."