ಚಿತ್ತಾರಕ್ಕೆ ಒಂದೇ ಗೋಡೆ

ರಾತ್ರಿ ಬೆಂಗಳೂರಿನಲ್ಲಿ ಹತ್ತಿದ ತಾಳಗುಪ್ಪದ ರೈಲು ನಮ್ಮನ್ನು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಸಿದಾಗ ಇನ್ನೂ ಮಂಜು ಕರಗಿರಲಿಲ್ಲ. ಒಂಬತ್ತು ವರ್ಷದ ಮಗಳು ಕಣ್ಣುಜ್ಜುತ್ತಾ, "ಅಜ್ಜಿ ಈ ಸಲ ನಮ್ಮ ಜೊತೆ ಬರ್ತಾಳಾ?" ಎಂದಳು. ಏನು ಹೇಳಬೇಕೋ ತಿಳಿಯದೆ ಬ್ಯಾಗು ಹೆಗಲಿಗೇರಿಸಿದೆ.

ಅಮ್ಮ ಬರಲೊಲ್ಲೆ ಎನ್ನಲು ಕಾರಣ ನಾನೇ. ಹಿಂದಿನ ವರ್ಷ ಫ್ಲ್ಯಾಟನ್ನು ಹೊಸದು ಮಾಡಿಸುವ ಹುಮ್ಮಸ್ಸಿನಲ್ಲಿ ಅಂಗಡಿ ಅಂಗಡಿ ಸುತ್ತಿದ್ದೆ. ಹಾಲಿಗೂ ಓಣಿಗೂ ಕಪ್ಪು ಬಿಳುಪಿನ ಅಂಕುಡೊಂಕು ಪಟ್ಟಿಯ ಟೈಲ್ಸ್. ಸೋಫಾದ ಹಿಂದಿನ ಮತ್ತು ಎದುರಿನ ಗೋಡೆಗೆ ಆಳೆತ್ತರದ ಹಸಿರು ಎಲೆಗಳ ವಾಲ್‌ಪೇಪರ್. ಕಿಟಕಿಗೆ ಹಳದಿ ಗೆರೆಯ ಪರದೆ, ದಿಂಬುಗಳಿಗೆ ದೊಡ್ಡ ಹೂವು. ಅಂಗಡಿಯಲ್ಲಿ ಒಂದೊಂದೂ ಚಂದವೇ. ಮನೆಗೆ ಬಂದಾಗ ಮಾತ್ರ ಎಲ್ಲವೂ ಒಟ್ಟಿಗೇ ಮಾತಾಡತೊಡಗಿದವು, ಸಂತೆಯ ಹಾಗೆ.

ಅಮ್ಮನಿಗೆ ದೃಷ್ಟಿ ಮೊದಲಿನಂತಿಲ್ಲ. ಬಂದ ಎಂಟನೆಯ ದಿನ ಸಂಜೆ ಓಣಿಯಲ್ಲಿ ನಡೆದು ಬರುತ್ತಿದ್ದವಳಿಗೆ ನೆಲದ ಕಪ್ಪು ಪಟ್ಟಿ ಮೆಟ್ಟಿಲಿನಂತೆ ಕಂಡಿತು. ಇಲ್ಲದ ಮೆಟ್ಟಿಲು ಇಳಿಯಲು ಹೋಗಿ ಮುಗ್ಗರಿಸಿದಳು. ಬಲ ಮಣಿಕಟ್ಟು ಮುರಿಯಿತು. ಬ್ಯಾಂಡೇಜು ಬಿಚ್ಚಿದ ಮೇಲೆ ಊರಿಗೆ ಹೊರಟವಳು ಬಾಗಿಲಲ್ಲಿ ನಿಂತು, "ನಿನ್ನ ಮನೆ ಚೆನ್ನಾಗಿದೆ ಕಣೆ. ಆದ್ರೆ ಎಲ್ಲಿ ಕಾಲಿಡೋದು ಅಂತ ಗೊತ್ತಾಗಲ್ಲ" ಎಂದಿದ್ದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸಾಗರದಿಂದ ನಮ್ಮೂರಿಗೆ ಹೋಗುವ ದಾರಿಯುದ್ದಕ್ಕೂ ಅಡಿಕೆ ತೋಟ, ನಡುನಡುವೆ ಗದ್ದೆ. ಭೂಮಿ ಹುಣ್ಣಿಮೆಗೆ ನಾಲ್ಕು ದಿನವಿತ್ತು. ಆಶ್ವೀಜದ ಈ ಹುಣ್ಣಿಮೆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ಬಸುರಿಗೆ ಬಯಕೆ ಊಟ ಬಡಿಸುವಂತೆ ಭೂಮಿತಾಯಿಗೂ ಬಗೆಬಗೆಯ ಅಡುಗೆ ಮಾಡಿ, ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ಯುತ್ತಾರೆ. ಆ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಎಂದು ಹೆಸರು.

ಮನೆಗೆ ಬೀಗ. ಅಮ್ಮ ಪಕ್ಕದ ಮನೆಯಲ್ಲಿದ್ದಳು. ಅದು ದೀವರ ಮನೆ. ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತೆ. ಎದುರಿನ ಗೋಡೆಯ ಮೇಲೆ ಬೇಸಿಗೆಯಲ್ಲಿ ನಡೆದ ಮದುವೆಯ ಹಸೆ ಚಿತ್ತಾರ ಇನ್ನೂ ಹಾಗೇ ಇತ್ತು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು. ಎಳೆಯ ಪಕ್ಕ ಎಳೆ, ಚೌಕದೊಳಗೆ ಚೌಕ, ನಡುವೆ ಬಾಸಿಂಗ, ಜೋಗಿ ಜಡೆ. ಅಲ್ಲಲ್ಲಿ ಚೂರು ಕಪ್ಪು, ಚೂರು ಹಳದಿ. ಕಣ್ಣು ಬೇರೆಡೆ ಹೋಗಲೇ ಇಲ್ಲ. ಚಿಕ್ಕಂದಿನಲ್ಲಿ ಈ ಗೋಡೆಯ ಮುಂದೆಯೇ ಕುಂಟೆಬಿಲ್ಲೆ ಆಡಿದವಳು ನಾನು. ನೋಡಿದ್ದು ಮಾತ್ರ ಆವತ್ತೇ.

ಆಮೇಲೆ ಸುತ್ತ ನೋಡಿದೆ. ಉಳಿದ ಮೂರು ಗೋಡೆಗಳಲ್ಲಿ ಏನೂ ಇಲ್ಲ. ನೆಲ ಬರೀ ಕೆಂಪು. ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಅಷ್ಟೇ. ಅಮ್ಮ ಆ ನೆಲದ ಮೇಲೆ ಕಾಲು ಚಾಚಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದು, ಗೋಡೆ ಹಿಡಿಯದೆ, ನೆಲ ನೋಡದೆ ಸರಸರ ನಡೆದು ಬಂದಳು.

ಆ ಮನೆಯ ಅಕ್ಕ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನೇ ಕರಕಲಾಗುವಂತೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕೆಂಪಿಗೆ ಕೆಮ್ಮಣ್ಣು. ಕುಂಚ ಪುಂಡಿ ನಾರಿನದು. ಇಡೀ ಮನೆಗೆ ಈ ನಾಲ್ಕೇ ಬಣ್ಣ!

ಮಗಳು ಹಟ ಹಿಡಿದು ಒಂದು ಪುಟ್ಟ ಬುಟ್ಟಿ ಪಡೆದಳು. ಒಂದು ಸಾಲು ಬರೆದಳು, ಚೆನ್ನಾಗಿತ್ತು. ಇನ್ನೊಂದು, ಮತ್ತೊಂದು. ಸಾಲುಗಳ ನಡುವೆ ಚುಕ್ಕಿ, ಚುಕ್ಕಿಗಳ ನಡುವೆ ಹೂವು. ಅರ್ಧ ಗಂಟೆಯಲ್ಲಿ ಬುಟ್ಟಿಯ ಕೆಂಪೇ ಮಾಯವಾಗಿ, ದೂರದಿಂದ ಮಾಸಿದ ಬಿಳಿಯ ಮುದ್ದೆಯಂತೆ ಕಂಡಿತು. ಅವಳ ಮುಖ ಸಣ್ಣಗಾಯಿತು.

ಅಕ್ಕ ನಕ್ಕು, ಒದ್ದೆ ಬಟ್ಟೆಯಿಂದ ಅರ್ಧ ಒರೆಸಿ, ಅಲ್ಲಿಗೆ ಮತ್ತೆ ಕೆಮ್ಮಣ್ಣು ಸವರಿದರು. "ಕೆಂಪು ಕಾಣಬೇಕು ಮಗಾ. ಕೆಂಪು ಕಾಣದಿದ್ರೆ ಬಿಳಿ ಬರೆದು ಏನು ಬಂತು?"

ನಾನು ಕೇಳಿದೆ, "ಅಕ್ಕ, ಇಷ್ಟು ಚೆನ್ನಾಗಿ ಬರೀತೀರಿ. ಉಳಿದ ಗೋಡೆಗೂ ಬರೆಯಬಹುದಿತ್ತಲ್ಲ?"

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಸೆ ಅಂದ್ರೆ ಮದುಮಕ್ಕಳು ಕೂರೋ ಜಾಗ. ನಾಲ್ಕು ಗೋಡೆಗೂ ಬರೆದ್ರೆ ಅವರು ಎಲ್ಲಿ ಕೂರೋದು?"

ಅಮ್ಮ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ತುಟಿಯಲ್ಲಿ ಸಣ್ಣ ನಗು ಕಂಡ ಹಾಗಾಯಿತು. ಮಣಿಕಟ್ಟು ಇನ್ನೂ ತುಸು ಸೊಟ್ಟಗಿತ್ತು.

ಹುಣ್ಣಿಮೆ ಮುಗಿಸಿ ನಾವಿಬ್ಬರೇ ಹಿಂತಿರುಗಿದೆವು. ಮಗಳ ತೊಡೆಯ ಮೇಲೆ ಅವಳ ಬುಟ್ಟಿ.

ಮನೆಗೆ ಬಂದು ಬಾಗಿಲಲ್ಲಿ ನಿಂತು, ಅಮ್ಮನ ಕಣ್ಣಿನಿಂದ ನೋಡಲು ಯತ್ನಿಸಿದೆ. ಮೊದಲು ನೆಲ. ಓಣಿ, ಹಾಲು, ಅಮ್ಮನ ಕೋಣೆ ಮೂರಕ್ಕೂ ಇಟ್ಟಿಗೆ ಬಣ್ಣದ, ಗೆರೆಯಿಲ್ಲದ, ಜಾರದ ಟೈಲ್ಸ್ ಹಾಕಿಸಿದೆವು. ಅದಕ್ಕಾದ ಖರ್ಚು ನನ್ನ ಆತುರಕ್ಕೆ ತೆತ್ತ ದಂಡ. ವಾಲ್‌ಪೇಪರನ್ನು ಪೂರ್ತಿ ಕೀಳಲಿಲ್ಲ, ಅದು ನನಗೆ ಇಷ್ಟ. ಸೋಫಾದ ಹಿಂದಿನ ಗೋಡೆಯಲ್ಲಿ ಉಳಿಸಿಕೊಂಡು, ಎದುರಿನ ಗೋಡೆಗೆ ಕೆನೆ ಬಣ್ಣ ಬಳಿಸಿದೆ. ಪರದೆಗೂ ದಿಂಬಿಗೂ ಆ ಎಲೆಯ ಹಸಿರನ್ನೇ ಆರಿಸಿದೆ, ಹೂವಿಲ್ಲ, ಗೆರೆಯಿಲ್ಲ. ಹೂವಿನ ಹಳೆಯ ಹೊದಿಕೆಗಳನ್ನು ಮಡಚಿಟ್ಟಿದ್ದೇನೆ. ಹಬ್ಬಕ್ಕೆ ಆಸೆಯಾದರೆ ಒಂದು ದಿಂಬಿಗೆ ತೊಡಿಸಬಹುದು, ಸಾಕೆನಿಸಿದರೆ ತೆಗೆಯಬಹುದು. ನೆಲವನ್ನು ಹಾಗೆ ತೆಗೆಯಲಾಗದು ಎಂಬುದನ್ನು ದುಡ್ಡು ಕೊಟ್ಟು ಕಲಿತಾಗಿದೆ.

ಬುಟ್ಟಿಯನ್ನು ಎಲ್ಲಿಡುವುದೆಂದು ಮಗಳನ್ನು ಕೇಳಿದೆ. ಕೆನೆ ಬಣ್ಣದ ಗೋಡೆಯ ಮುಂದಿನ ಖಾಲಿ ಮೇಜು ತೋರಿಸಿದಳು. ಪಕ್ಕದಲ್ಲಿ ಹೂದಾನಿ ಇಡಲು ಹೋದರೆ ಕೈ ಹಿಡಿದಳು. "ಬೇಡಮ್ಮ. ಕೆಂಪು ಕಾಣಬೇಕು."

ಸಂಕ್ರಾಂತಿ ಕಳೆದ ಮೇಲೆ ಅಮ್ಮ ಬಂದಳು. ಓಣಿಯ ತುದಿಯಲ್ಲಿ ನಿಂತು ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿದಳು. ನಾನು ಉಸಿರು ಬಿಗಿ ಹಿಡಿದೆ. ಒಂದು ಹೆಜ್ಜೆ, ಇನ್ನೊಂದು, ಆಮೇಲೆ ಸರಾಗ. ಹಾಲಿಗೆ ಬಂದವಳು ಸೋಫಾದ ಹಿಂದಿನ ಗೋಡೆಯನ್ನು ತುಂಬ ಹೊತ್ತು ದಿಟ್ಟಿಸಿದಳು.

"ಇದು ಯಾವಾಗ ಹಾಕಿಸಿದ್ದೇ? ಎಂಥ ಎಲೆ ಇದು?"

ಕಳೆದ ಸಲವೂ ಅದೇ ಗೋಡೆ, ಅದೇ ಎಲೆ. ಆ ಗದ್ದಲದಲ್ಲಿ ಅವಳಿಗೆ ಅದು ಕಂಡೇ ಇರಲಿಲ್ಲ.

"ಬಾಳೆ ಎಲೆ ಅಜ್ಜಿ" ಎಂದಳು ಮಗಳು.

"ಹೌದಾ? ಹಾಗಾದ್ರೆ ನಿಮ್ಮಮ್ಮನಿಗೆ ಊಟ ಬಡಿಸೋಕೆ ಹೇಳು" ಎಂದು ಅಮ್ಮ ಸೋಫಾದಲ್ಲಿ ಕಾಲು ಮಡಚಿ ಕುಳಿತಳು.